ನಾಯಿಗೆ ತುತ್ತು ಕೊಡುವಾಗಲೂ ಲೆಕ್ಕವಿರಲಿ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ಹಸು, ಎಮ್ಮೆ, ಕರುಗಳ ವಿಷಯ ಮಾತನಾಡುವ ಡಾಕ್ಟರು ಇವತ್ತು ನಾಯಿಯ ವಿಷಯ ಎತ್ತಿಕೊಂಡರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಆದರೆ ಕೊಟ್ಟಿಗೆ ಇರುವ ಮನೆಗಳಲ್ಲಿ ಬಹಳ ಕಡೆ ನಾಯಿಯೂ ಇರುತ್ತದೆ. ಅದು ಒಳ್ಳೆಯ ನಡತೆ ಕಲಿತರೆ ಮನೆಗೆ ಕಾವಲು. ಕೆಟ್ಟ ಚಾಳಿ ಕಲಿತರೆ ಹಾಲಿನ ಬಕೆಟ್ಟಿಗೇ ನಷ್ಟ. ಇದು ನನಗೂ ತಡವಾಗಿ ತಿಳಿದ ಪಾಠ. ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ತಮ್ಮ ಮಿಶ್ರತಳಿ ಹಸುವನ್ನು ನೋಡಲು ನನ್ನನ್ನು ಕರೆದಿದ್ದರು. ಎರಡನೇ ಸೂಲಿನ ಹಸು. ಬೆಳಿಗ್ಗೆ ಆರು ಲೀಟರ್ ಕೊಡುತ್ತಿದ್ದದ್ದು ನಾಲ್ಕಕ್ಕೆ ಇಳಿದಿತ್ತು. ಕರೆಯಲು ಕೂತರೆ ಒದೆಯುತ್ತಿತ್ತು. ನಾನು ಕೆಚ್ಚಲು ಬಾವು ಇರಬಹುದೆಂದು ಪರೀಕ್ಷೆ ಮಾಡಿದೆ, ಇರಲಿಲ್ಲ. ಜಂತುನಾಶಕ ಕೊಟ್ಟೆ, ಖನಿಜ ಮಿಶ್ರಣ ಬರೆದುಕೊಟ್ಟೆ. ಮೂರು ಸಲ ಹೋಗಿ ಬಂದರೂ ಹಾಲು ಏರಲಿಲ್ಲ. ಆ ಮೂರೂ ಸಲ ನಾನು ಹೋದದ್ದು ಮಧ್ಯಾಹ್ನ. ಅದೇ ನನ್ನ ತಪ್ಪು. ನಾಲ್ಕನೆಯ ಸಲ ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೇ ಹೋದೆ. ಆಗ ಕಾರಣ ಕಣ್ಣೆದುರಿಗೇ ಇತ್ತು.

ಬಕೆಟ್ಟಿನ ಸದ್ದಾದ ಕೂಡಲೇ ಮನೆಯ ನಾಯಿ ಕೊಟ್ಟಿಗೆ ಬಾಗಿಲಿಗೆ ಬಂದು ಬೊಗಳಲು ಶುರು ಮಾಡಿತು. ಹಸು ಬೆದರಿ ಕಾಲೆತ್ತಿತು. ಒಳಗಿನಿಂದ ಅಜ್ಜಿ ಬಂದು "ತಗೋ, ಬಾಯಿ ಮುಚ್ಚು" ಎಂದು ಒಂದು ಚೂರು ರೊಟ್ಟಿ ಎಸೆದರು. ನಾಯಿ ತಿಂದು ಮುಗಿಸಿತು, ಮತ್ತೆ ಬೊಗಳಿತು, ಮತ್ತೆ ರೊಟ್ಟಿ ಬಂತು. ಬೊಗಳುವುದು ನಿಲ್ಲಲಿ ಎಂದು ರೊಟ್ಟಿ ಕೊಟ್ಟೆವೆಂದು ಮನೆಯವರು ತಿಳಿದಿದ್ದರು. ಬೊಗಳಿದ್ದಕ್ಕೆ ರೊಟ್ಟಿ ಸಿಕ್ಕಿತೆಂದು ನಾಯಿ ತಿಳಿದಿತ್ತು. ಇಬ್ಬರಲ್ಲಿ ಸರಿಯಾಗಿ ತಿಳಿದದ್ದು ನಾಯಿಯೇ.

ಹಸು ಸೊರೆ ಬಿಡುವುದು ಹೇಗೆ ಎಂಬುದು ನಿಮಗೆ ಗೊತ್ತೇ ಇದೆ. ಕರು ಬಾಯಿ ಹಾಕಿದಾಗ ಅಥವಾ ನಾವು ಕೆಚ್ಚಲು ತೊಳೆದು ಒರೆಸಿದಾಗ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರಿ ಕೆಚ್ಚಲಿಗೆ ಬರುತ್ತದೆ. ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಹಸು ಬೆದರಿದರೆ ಅಡ್ರಿನಲಿನ್ ಬಿಡುಗಡೆಯಾಗಿ ಸೊರೆ ನಿಂತುಹೋಗುತ್ತದೆ. ಹಾಲು ಕೆಚ್ಚಲಿನಲ್ಲೇ ಉಳಿಯುತ್ತದೆ. ದಿನಾ ಹೀಗಾದರೆ ಇಳುವರಿಯೇ ಕುಗ್ಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ಯಜಮಾನರು ಸಿಟ್ಟಿನಿಂದ "ಈ ನಾಯಿಯನ್ನು ಚೀಲಕ್ಕೆ ತುಂಬಿ ಸಂತೆಯ ದಾರಿಯಲ್ಲಿ ಬಿಟ್ಟು ಬರುತ್ತೇನೆ" ಎಂದರು. ಅವರ ಮಗಳು, ಏಳನೇ ಕ್ಲಾಸಿನ ಹುಡುಗಿ, ನಾಯಿಯ ಕೊರಳು ತಬ್ಬಿಕೊಂಡು ಅಳುತ್ತ ನಿಂತಳು. ನಾನು ಒಂದು ತಿಂಗಳ ಗಡುವು ಕೇಳಿದೆ. ನಾಯಿಗೆ ಕಲಿಸುವ ಕೆಲಸವನ್ನು ಆ ಹುಡುಗಿಗೇ ವಹಿಸಿದೆವು. ಅವಳಿಗೆ ಹೇಳಿಕೊಟ್ಟ ಸಂಗತಿಗಳನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ.

ಒಂದನೆಯದು, ಬಹುಮಾನ ತಕ್ಷಣ ಸಿಗಬೇಕು. ನಾವು ಇಂದು ಹಾಕಿದ ಹಾಲಿನ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಆದರೂ ನಮಗೆ ಲೆಕ್ಕ ತಿಳಿಯುತ್ತದೆ, ಪಾಸ್ ಬುಕ್ ಇದೆ. ನಾಯಿಗೆ ಪಾಸ್ ಬುಕ್ ಇಲ್ಲ. ಒಳ್ಳೆಯ ಕೆಲಸ ಮಾಡಿದ ಒಂದೆರಡು ಸೆಕೆಂಡಿನೊಳಗೆ ತುತ್ತು ಬಾಯಿಗೆ ಬೀಳಬೇಕು. "ಕೂತ್ಕೋ" ಎಂದಾಗ ಕೂತಿತು, ನೀವು ಒಳಗೆ ಹೋಗಿ ಬಿಸ್ಕತ್ತು ಹುಡುಕಿ ತರುವಷ್ಟರಲ್ಲಿ ಎದ್ದು ನಿಮ್ಮ ಮೈಮೇಲೆ ಹಾರಿತು ಎನ್ನಿ. ಆಗ ಕೊಟ್ಟ ಬಿಸ್ಕತ್ತು ಹಾರಿದ್ದಕ್ಕೆ ಸಂದಾಯವಾಗುತ್ತದೆ. ಆದ್ದರಿಂದ ತುಣುಕುಗಳು ಮೊದಲೇ ಜೇಬಿನಲ್ಲಿರಲಿ. ಕೈ ಜೇಬಿಗೆ ಹೋಗುವ ಮುನ್ನ "ಭೇಷ್" ಎಂಬ ಒಂದೇ ಮಾತನ್ನು ಹೇಳುವ ರೂಢಿ ಮಾಡಿ. ಕೆಲವು ದಿನಗಳಲ್ಲಿ ಆ ಮಾತೇ ನಾಯಿಗೆ ತುತ್ತಿನ ಗುರುತಾಗುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್, ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ಆಹಾರ ಬರುವ ಸೂಚನೆಗೇ ನಾಯಿಯ ಬಾಯಲ್ಲಿ ಜೊಲ್ಲು ಬರುವುದನ್ನು ತೋರಿಸಿಕೊಟ್ಟರು. ಹಿಂಡಿ ಬಕೆಟ್ಟಿನ ಸದ್ದಿಗೇ ಸೊರೆ ಬಿಡುವ ಹಸು ನಿಮ್ಮ ಕೊಟ್ಟಿಗೆಯಲ್ಲೇ ಇರಬಹುದು. ತತ್ವ ಒಂದೇ.

ಎರಡನೆಯದು, ಒಳ್ಳೆಯದಕ್ಕೆ ಮಾತ್ರ ದರ. ಸಂಘದಲ್ಲಿ ಹಾಲಿಗೆ ಫ್ಯಾಟ್, ಎಸ್.ಎನ್.ಎಫ್. ನೋಡಿ ಹಣ ಕೊಡುತ್ತಾರೆ. ನೀರು ಬೆರೆಸಿದ ಹಾಲಿಗೂ ಅದೇ ದರ ಕೊಟ್ಟರೆ ಒಳ್ಳೆಯ ಹಾಲು ತರುವವರು ಯಾರು? ನಾಯಿಯ ವಿಷಯದಲ್ಲಿ ನಾವು ಹಾಗೆಯೇ ಮಾಡುತ್ತೇವೆ. ಊಟಕ್ಕೆ ಕೂತಾಗ ಗೋಗರೆದರೆ ಒಂದು ತುತ್ತು, ಬೊಗಳಿದರೆ ಒಂದು ತುತ್ತು. ಸುಮ್ಮನೆ ಮಲಗಿದ್ದಾಗ ಮಾತ್ರ ಅದರ ನೆನಪೇ ನಮಗೆ ಬರುವುದಿಲ್ಲ. ಸುಮ್ಮನಿದ್ದಾಗಲೇ ಕೊಡಬೇಕು. ಮನೆಯವರೆಲ್ಲರೂ ಒಂದೇ ಮಾತಿಗೆ ಬದ್ಧರಾಗಬೇಕು. ಅಪ್ಪ ಗದರಿಸಿ, ಅಜ್ಜಿ ಗುಟ್ಟಾಗಿ ರೊಟ್ಟಿ ಹಾಕಿದರೆ ಗೆಲ್ಲುವುದು ರೊಟ್ಟಿಯೇ.

ಮೂರನೆಯದು, ತುಣುಕು ಚಿಕ್ಕದಿರಲಿ. ಅವರೆ ಕಾಳಿನಷ್ಟಿದ್ದರೆ ಸಾಕು. ರಾಗಿ ಮುದ್ದೆಯ ಚೂರು, ಬೇಯಿಸಿದ ಮೊಟ್ಟೆಯ ತುಂಡು, ಉಪ್ಪಿಲ್ಲದ ಹುರಿದ ಕಡಲೆಕಾಯಿ ಬೀಜ ಯಾವುದಾದರೂ ಆಗುತ್ತದೆ. ಕಲಿಸುವುದು ಊಟಕ್ಕೆ ಮುಂಚೆ, ಐದು ನಿಮಿಷ ಮಾತ್ರ. ಹೀಗೆ ಕೊಡುವ ತಿಂಡಿಯೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರಬಾರದು.

ನಾಲ್ಕನೆಯದು, ಬಹುಮಾನ ಲಂಚವಾಗಬಾರದು. ಕೈಯಲ್ಲಿ ತುಣುಕು ತೋರಿಸಿ ಕೆಲಸ ಮಾಡಿಸುವುದು ಮೊದಲ ಮೂರು ನಾಲ್ಕು ಸಲಕ್ಕೆ ಸರಿ. ಆಮೇಲೆ ಕೈ ಬರಿದಾಗಿರಲಿ, ಕೆಲಸ ಮುಗಿದ ಮೇಲೆ ಜೇಬಿನಿಂದ ಬರಲಿ. ಪಾಠ ಪೂರ್ತಿ ಕಲಿಯುವವರೆಗೆ ಪ್ರತಿ ಸಲವೂ ಕೊಡಿ. ಕಲಿತ ಮೇಲೆ ಒಮ್ಮೆ ಕೊಟ್ಟು, ಎರಡು ಸಲ ಬಿಟ್ಟು, ಮತ್ತೆ ಕೊಡಿ. ಯಾವಾಗ ಸಿಗುತ್ತದೋ ತಿಳಿಯದಿದ್ದರೆ ನಾಯಿ ಆಸೆಯಿಂದ ಕೆಲಸ ಮಾಡುತ್ತದೆ. ತುತ್ತು ಇಲ್ಲದ ಸಲ ಬೆನ್ನು ಸವರಿ, ಒಳ್ಳೆಯ ಮಾತಾಡಿ. ಅದೂ ಬಹುಮಾನವೇ.

ಐದನೆಯದು ಬಹಳ ಮುಖ್ಯ. ಕೆಟ್ಟ ಚಾಳಿಗೆ ಕೊಡುತ್ತಿದ್ದ ತುತ್ತು ನಿಲ್ಲಿಸಿದರೆ ಆ ಚಾಳಿ ಮೊದಲು ಹೆಚ್ಚಾಗಿ, ಆಮೇಲೆ ಕಡಿಮೆಯಾಗುತ್ತದೆ. ಬಟವಾಡೆ ತಡವಾದರೆ ನಾವೂ ಮೊದಲು ಜೋರು ದನಿಯಲ್ಲೇ ಕೇಳುತ್ತೇವೆ. ಆ ದಿನಗಳಲ್ಲಿ ಸೋತು ಒಂದು ತುತ್ತು ಕೊಟ್ಟರೆ, ಇನ್ನೂ ಜೋರಾಗಿ ಬೊಗಳಬೇಕೆಂದು ನಾವೇ ಕಲಿಸಿದಂತೆ.

ಹೊಡೆಯುವುದರ ಬಗ್ಗೆಯೂ ಒಂದು ಮಾತು. ಕೋಲಿಗೆ ನಾಯಿ ಅಡಗಬಹುದು, ಆದರೆ ಏನು ಮಾಡಬೇಕೆಂದು ಕಲಿಯುವುದಿಲ್ಲ. ಹೆದರಿದ ನಾಯಿ ಒಂದು ದಿನ ಕಚ್ಚುತ್ತದೆ. ಕಚ್ಚಿಸಿಕೊಳ್ಳುವುದು ಬಹಳ ಸಲ ಮನೆಯ ಮಗುವೇ.

ಇನ್ನು ಕೊಡಬಾರದ ವಸ್ತುಗಳು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಸು ಹಾಕಿದ ಕಸ, ಕಂದು ಹಾಕಿದ ಕರು, ಕುರಿಯ ಹಸಿ ಈಲಿ, ಶ್ವಾಸಕೋಶ ಇವನ್ನು ನಾಯಿಗೆ ಎಸೆಯಲೇಬೇಡಿ. ಹಸಿ ಈಲಿಯಿಂದ ಬರುವ ಲಾಡಿಹುಳು ನಾಯಿಯ ಮಲದ ಮೂಲಕ ಮನುಷ್ಯರ ದೇಹ ಸೇರಿ ನೀರುಗುಳ್ಳೆ ಕಟ್ಟುತ್ತದೆ. ನಿಯೋಸ್ಪೋರಾ ಎಂಬ ಸೂಕ್ಷ್ಮಜೀವಿ ನಾಯಿಯ ಮಲದಿಂದ ಮೇವಿಗೆ ಸೇರಿದರೆ ಗಬ್ಬದ ಹಸು ಕಂದು ಹಾಕುವುದುಂಟು. ಕಸವನ್ನು ಆಳವಾಗಿ ಹೂಳಿ, ಮೇವಿನ ಮನೆಗೆ ನಾಯಿಯನ್ನು ಬಿಡಬೇಡಿ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪಿಸಬೇಡಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಆ ಹುಡುಗಿಯ ಕಥೆ ಮುಗಿಸುತ್ತೇನೆ. ಹಾಲು ಕರೆಯುವ ಹೊತ್ತಿಗೆ ಅವಳು ನಾಯಿಯನ್ನು ಅಂಗಳದ ಆ ತುದಿಯಲ್ಲಿ ಹಗ್ಗ ಹಿಡಿದು ಕೂರಿಸಿಕೊಂಡಳು. ಬಕೆಟ್ಟಿನ ಸದ್ದಾಗಿ ನಾಯಿ ಕಿವಿ ನಿಮಿರಿಸಿದಾಗ, ಬೊಗಳುವ ಮುಂಚೆಯೇ "ಭೇಷ್" ಎಂದು ಮುದ್ದೆಯ ಚೂರು. ಬೊಗಳಿದರೆ ಏನೂ ಇಲ್ಲ. ಮೊದಲ ಮೂರು ದಿನ ಊರೇ ಕೇಳುವಂತೆ ಬೊಗಳಿತು. ಯಜಮಾನರು ಚೀಲ ಹುಡುಕಿದರು. ಅಜ್ಜಿಯೇ ಅಡ್ಡ ನಿಂತು "ಗಡುವು ಮುಗಿಯಲಿ" ಎಂದರಂತೆ. ಎರಡನೇ ವಾರ ಬೊಗಳು ಕಡಿಮೆಯಾಯಿತು. ದಿನಕ್ಕೊಂದು ಹೆಜ್ಜೆ ಹತ್ತಿರ ತಂದಳು. ತಿಂಗಳಿಗೆ ನಾನು ಹೋದಾಗ ನಾಯಿ ಕೊಟ್ಟಿಗೆ ಬಾಗಿಲಲ್ಲಿ ಮಲಗಿತ್ತು, ಹಸು ಮೆಲುಕು ಹಾಕುತ್ತ ಹಾಲು ಕೊಡುತ್ತಿತ್ತು. ಆ ಬೆಳಿಗ್ಗೆ ಐದೂವರೆ ಲೀಟರ್ ಅಳೆದರು. ನಾನು ಬರೆದ ಔಷಧಿಯ ಚೀಟಿಗಿಂತ ಆ ಹುಡುಗಿಯ ಜೇಬಿನ ಮುದ್ದೆ ಹೆಚ್ಚು ಕೆಲಸ ಮಾಡಿತ್ತು.

ಇಂದು ಸಂಜೆ ಹಾಲು ಕರೆಯುವಾಗ ನಿಮ್ಮ ನಾಯಿಯನ್ನು ಒಮ್ಮೆ ಗಮನಿಸಿ. ಅದಕ್ಕೆ ಯಾವ ಕೆಲಸಕ್ಕೆ ತುತ್ತು ಸಿಗುತ್ತಿದೆ ಎಂದು ಕೇಳಿಕೊಳ್ಳಿ. ಉತ್ತರ ಸರಿಯಿಲ್ಲದಿದ್ದರೆ ನಾಯಿಯನ್ನು ಬೈಯಬೇಡಿ, ಲೆಕ್ಕ ತಿದ್ದಿಕೊಳ್ಳಿ.