ಬೀಜದ ಉಗ್ರಾಣದ ಏ.ಸಿ. ಮತ್ತು ಅದರ ನೀರಿನ ಕೊಳವೆ

(ಬೀಜೋತ್ಪಾದಕ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬಿತ್ತನೆ ಬೀಜವನ್ನು ತಂಪಾಗಿಡಲು ಈಗ ಕೆಲವು ರೈತ ಸಂಘಗಳು ಉಗ್ರಾಣಕ್ಕೆ ಏ.ಸಿ. ಯಂತ್ರ ಕೂಡಿಸಿವೆ. ಯಂತ್ರದ ಬೆಲೆ, ಕರೆಂಟಿನ ಖರ್ಚು ಎಲ್ಲರೂ ಕೇಳುತ್ತಾರೆ. ಅದರಿಂದ ನೀರು ಹೊರಹೋಗುವ ಸಣ್ಣ ಕೊಳವೆಯ ವಿಷಯ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಒಂದು ಮಳೆಗಾಲದಲ್ಲಿ, ನನ್ನ ಉಸ್ತುವಾರಿಯಲ್ಲಿದ್ದ ಕೋಣೆಯಲ್ಲಿ ಆ ಕೊಳವೆ ಕಟ್ಟಿಕೊಂಡಿತು. ಮೂರು ದಿನ ರಜೆ, ನೋಡುವವರಿಲ್ಲ. ನೀರು ಗೋಡೆಗುಂಟ ಇಳಿದು ಈರುಳ್ಳಿ ಬೀಜದ ಕೆಳಸಾಲಿನ ಚೀಲಗಳೆಲ್ಲ ಬೂಷ್ಟು ಹಿಡಿದವು.

ಈರುಳ್ಳಿ ಬೀಜ ಮೊದಲೇ ಅಲ್ಪಾಯು. ಪ್ರಮಾಣಿತ ಬೀಜದಲ್ಲಿ ಮೊಳಕೆ ಶೇ. 70ಕ್ಕಿಂತ ಕಡಿಮೆ ಇರಕೂಡದು, ತೇವಾಂಶ ಶೇ. 8ನ್ನು ಮೀರಕೂಡದು. ತೇವಾಂಶ ಶೇ. 1ರಷ್ಟು ಏರಿದರೆ ಬೀಜದ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಸೂತ್ರ.

ಕೋಣೆಯ ಗಾಳಿಯ ತೇವ ಯಂತ್ರದ ತಣ್ಣನೆಯ ಸುರುಳಿಗೆ ತಾಗಿ ಹನಿಯಾಗಿ, ಕೆಳಗಿನ ತಟ್ಟೆಗಿಳಿದು, ಕೊಳವೆಯಿಂದ ಹೊರಹೋಗುತ್ತದೆ. ಬೀಜದ ದೂಳು, ಹೊಟ್ಟು ಆ ನೀರಿಗೆ ಸೇರಿ ಲೋಳೆ ಬೆಳೆಯುತ್ತದೆ. ಇದನ್ನು ಪಾಚಿ ಎನ್ನುವುದು ರೂಢಿ. ಆದರೆ ಪಾಚಿಗೆ ಬೆಳಕು ಬೇಕು. ಕತ್ತಲ ಕೊಳವೆಯಲ್ಲಿರುವುದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ನೀರು ಹೊರಗೆ ಸೋರುವ ಮೊದಲೇ ಕೇಡು ಆರಂಭವಾಗಿರುತ್ತದೆ. ತಟ್ಟೆಯಲ್ಲಿ ನಿಂತ ನೀರು ಫ್ಯಾನಿನ ಗಾಳಿಗೆ ಆವಿಯಾಗಿ ಮತ್ತೆ ಕೋಣೆಗೇ ಬರುತ್ತದೆ.

ಆದುದರಿಂದ ತಿಂಗಳಿಗೊಮ್ಮೆ ಶುಚಿ ಮಾಡಬೇಕು. ಮೊದಲು ಮೇನ್ ಸ್ವಿಚ್ ತೆಗೆಯಿರಿ. ಗಾಳಿಯ ಜಾಲರಿ ತೊಳೆದು ಒಣಗಿಸಿರಿ. ಯಂತ್ರ ಬಿಚ್ಚಿ ತಟ್ಟೆ ತೊಳೆಯುವುದು ಮೆಕ್ಯಾನಿಕ್‌ನ ಕೆಲಸ, ನಾವು ಕೈ ಹಾಕುವುದು ಬೇಡ. ಕಟ್ಟಿದ ಕೊಳವೆಗೆ ಹೊರಗಿನಿಂದ ಪಂಪು ಹೊಡೆಯುವವರಿದ್ದಾರೆ; ಲೋಳೆಯೆಲ್ಲ ಹಿಂದಕ್ಕೆ ತಟ್ಟೆಗೇ ಹೋಗುತ್ತದೆ. ನೀರು ಹೀರುವ ವ್ಯಾಕ್ಯೂಮ್ ಯಂತ್ರದಿಂದ ಹೊರತುದಿಯಲ್ಲಿ ಎಳೆಯಬೇಕು. ಅನಂತರ ಒಳತುದಿಯಿಂದ ಒಂದು ಲೋಟ ಬಿಳಿ ವಿನೆಗರ್ ಹೊಯ್ದು, ಅರ್ಧ ಗಂಟೆ ಬಿಟ್ಟು, ಉಗುರುಬೆಚ್ಚನೆಯ ನೀರು ಬಿಡಿರಿ. ಕುದಿಯುವ ನೀರಿಗೆ ಪಿ.ವಿ.ಸಿ. ಮೆತ್ತಗಾಗುತ್ತದೆ. ಹನಿ ನೀರಾವರಿಯ ಅಭ್ಯಾಸದಿಂದ ಬ್ಲೀಚಿಂಗ್ ಪುಡಿ ಹಾಕಹೊರಡಬೇಡಿರಿ. ಅದು ಸುರುಳಿಯ ಲೋಹವನ್ನು ತಿನ್ನುತ್ತದೆ. ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ.

ಕೊಳವೆಗೆ ಮೀಟರಿಗೆ 1 ಸೆಂಟಿಮೀಟರಿನಷ್ಟಾದರೂ ಇಳಿಜಾರು ಇರಲಿ. ಅದರ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಾರದು. ಚೀಲಗಳನ್ನು ಗೋಡೆಯಿಂದ ದೂರವಿಟ್ಟು, ಮರದ ಹಲಗೆಯ ಮೇಲೆ ಒಟ್ಟಿರಿ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಹೊರಗೆ ಹೋಗಿ ನೋಡಬೇಕು. ಯಂತ್ರ ಓಡುತ್ತಿದ್ದು ಕೊಳವೆಯ ತುದಿಯಲ್ಲಿ ಹನಿ ಬೀಳದಿದ್ದರೆ ಅಂದೇ ಮೆಕ್ಯಾನಿಕ್‌ಗೆ ಹೇಳಿಕಳಿಸಿರಿ, ರಜೆ ಇದ್ದರೂ ಸರಿಯೆ.