ಸರಪಳಿ ಗರಗಸ ಬಳಸುವವರಿಗೆ ರಕ್ಷಣಾ ಬೂಟು: ಆಯ್ಕೆ ಮತ್ತು ಪಾಲನೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಮಲೆನಾಡಿನ ತೋಟಗಳಲ್ಲಿ ಗಾಳಿಮಳೆಗೆ ಉರುಳಿದ ಮರಗಳನ್ನು ತುಂಡರಿಸುವುದು, ಬಲಿತ ಸಿಲ್ವರ್ ಓಕ್ ಕಡಿಯುವುದು, ಒಣಗಿದ ತೆಂಗು ತೆಗೆಯುವುದು ಮುಂತಾದ ಕೆಲಸಗಳು ಹಿಂದೆ ಕೊಡಲಿ ಮತ್ತು ಕೈಗರಗಸಗಳಿಂದ ನಡೆಯುತ್ತಿದ್ದವು. ಈಗ ಆ ಸ್ಥಾನಕ್ಕೆ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸ, ಅಂದರೆ ಚೈನ್ ಸಾ, ಬಂದಿದೆ. ದಿನವಿಡೀ ಹಿಡಿಯುವ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಯಂತ್ರ ಹೊಸದಾದರೂ ಅದನ್ನು ಹಿಡಿದವನ ಕಾಲಿನಲ್ಲಿ ಅನೇಕ ಕಡೆ ಇಂದಿಗೂ ಹವಾಯಿ ಚಪ್ಪಲಿಯೇ ಇರುತ್ತದೆ.

ಅಪಾಯ ಎಲ್ಲಿದೆ?

ಕೊಂಬೆ ತುಂಡಾದ ಕ್ಷಣದಲ್ಲಿ ಗರಗಸದ ಭಾರವೆಲ್ಲ ಒಮ್ಮೆಲೇ ಕೆಳಗೆ ಬರುತ್ತದೆ. ಅಲ್ಲಿ ಇರುವುದು ಕೆಲಸಗಾರನ ಪಾದ. ಗುಂಡಿ ಬಿಟ್ಟ ಕೂಡಲೇ ಸರಪಳಿ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪಾಚಿ ಕಟ್ಟಿದ ದಿಮ್ಮಿಯ ಮೇಲೆ ಜಾರಿದರೂ ಇದೇ ಗತಿ. ಸರಪಳಿಯ ವೇಗ ಸೆಕೆಂಡಿಗೆ ೨೦ ಮೀಟರ್ ಎಂದರೆ ಗಂಟೆಗೆ ೭೨ ಕಿ.ಮೀ. ಆಯಿತು. ಈ ವೇಗದಲ್ಲಿ ಕಾಲನ್ನು ಹಿಂದೆಗೆಯಲು ಯಾರಿಗೂ ಸಮಯವಿರುವುದಿಲ್ಲ.

ಬೂಟಿನ ಆಯ್ಕೆ

ಅಡಿಕೆ ತೋಟದಲ್ಲಿ ಧರಿಸುವ ಸಾಮಾನ್ಯ ಗಂಬೂಟು ಕೆಸರು ಮತ್ತು ಜಿಗಣೆಯಿಂದ ಕಾಪಾಡುತ್ತದೆಯೇ ಹೊರತು ಸರಪಳಿಯಿಂದಲ್ಲ. ಉಕ್ಕಿನ ಮೂತಿಯ ಸಾಮಾನ್ಯ ಕಾರ್ಖಾನೆ ಬೂಟಿನಲ್ಲಿ ಬೆರಳುಗಳಿಗೆ ಮಾತ್ರ ರಕ್ಷಣೆಯಿದೆ. ಇಂತಹ ಮೂತಿ ೨೦೦ ಜೂಲ್ ಹೊಡೆತವನ್ನು ತಡೆಯಬೇಕೆಂಬುದು ನಿಯಮ. ಇದು ಸುಮಾರು ೨೦ ಕಿ.ಗ್ರಾಂ. ತೂಕ ಒಂದು ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ದಿಮ್ಮಿ ಬಿದ್ದಾಗ ಇದು ಉಪಯುಕ್ತ. ಆದರೆ ಪಾದದ ಮೇಲ್ಭಾಗ ಮತ್ತು ಕಣಕಾಲು ಬಯಲಾಗಿಯೇ ಉಳಿಯುತ್ತವೆ.

ಸರಪಳಿ ಗರಗಸಕ್ಕೆಂದೇ ತಯಾರಾದ ಬೂಟಿನಲ್ಲಿ ಉಕ್ಕಿನ ಮೂತಿಯ ಜೊತೆಗೆ ಮುಂಭಾಗದಲ್ಲಿ ಗಟ್ಟಿ ನಾರಿನ ಪದರಗಳಿರುತ್ತವೆ. ಸರಪಳಿ ತಗುಲಿದಾಗ ಈ ಎಳೆಗಳು ಅದಕ್ಕೆ ಸುತ್ತಿಕೊಂಡು ವೇಗವನ್ನು ತಗ್ಗಿಸುತ್ತವೆ. ಕೊಳ್ಳುವಾಗ ಗರಗಸದ ಚಿತ್ರವಿರುವ ಗುರುತನ್ನೂ ಐ.ಎಸ್.ಓ. ೧೭೨೪೯ ಎಂಬ ಸಂಖ್ಯೆಯನ್ನೂ ನೋಡಬೇಕು. ಒಂದನೇ ದರ್ಜೆಯ ಬೂಟನ್ನು ಸೆಕೆಂಡಿಗೆ ೨೦ ಮೀಟರ್, ಎರಡನೆಯದನ್ನು ೨೪ ಮೀಟರ್, ಮೂರನೆಯದನ್ನು ೨೮ ಮೀಟರ್ ವೇಗದಲ್ಲಿ ಪರೀಕ್ಷಿಸಲಾಗಿರುತ್ತದೆ. ಪೂರ್ಣ ವೇಗದಲ್ಲಿರುವ ಗರಗಸವನ್ನು ಯಾವ ಬೂಟೂ ಖಂಡಿತವಾಗಿ ತಡೆಯಲಾರದು. ಬೂಟು ಗಾಯವನ್ನು ಕಡಿಮೆ ಮಾಡುತ್ತದೆ, ಎಚ್ಚರಿಕೆಗೆ ಬದಲಿಯಾಗುವುದಿಲ್ಲ.

ಬೇಸಿಗೆಯ ಕೆಲಸಕ್ಕೆ ಚರ್ಮದ ಬೂಟು ಹಿತಕರ. ಅದು ಕಣಕಾಲನ್ನು ಬಿಗಿಯಾಗಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಕಾಲು ಹೊರಳದು. ಮಳೆಗಾಲದ ಕೆಸರಿಗೆ ರಬ್ಬರಿನದು ಸೂಕ್ತ. ಆದರೆ ಅದರಲ್ಲಿ ಕಾಲು ಬೆವರುತ್ತದೆ. ಎರಡರಲ್ಲಿಯೂ ಅಡಿಭಾಗ ಆಳವಾದ ಹಲ್ಲುಗಳಿಂದ ಕೂಡಿರಬೇಕು.

ಅಳತೆಯ ಮಹತ್ವ

ಕಚ್ಚುವ ಬೂಟನ್ನು ಕೆಲಸಗಾರ ಎರಡನೇ ದಿನವೇ ಮರದ ಬುಡದಲ್ಲಿ ಬಿಚ್ಚಿಡುತ್ತಾನೆ. ಆದ್ದರಿಂದ ಹಿತವೂ ರಕ್ಷಣೆಯ ಒಂದು ಭಾಗವೇ ಆಗಿದೆ. ದಿನವೆಲ್ಲ ನಡೆದ ಮೇಲೆ ಪಾದ ಕೊಂಚ ಊದಿಕೊಂಡಿರುವುದರಿಂದ ಸಂಜೆಯ ಹೊತ್ತು, ದಪ್ಪ ಕಾಲುಚೀಲದೊಡನೆ ಹಾಕಿ ನೋಡಬೇಕು. ಬೆರಳುಗಳ ಮುಂದೆ ಸುಮಾರು ಒಂದು ಸೆಂ.ಮೀ. ಜಾಗವಿರಬೇಕು. ಹಿಮ್ಮಡಿ ಮೇಲೇಳಬಾರದು. ಇಳಿಜಾರಿನಲ್ಲಿ ಇಳಿದಾಗ ಬೆರಳು ಉಕ್ಕಿಗೆ ತಾಗಿದರೆ ಆ ಅಳತೆ ಸರಿಯಲ್ಲ. ತೋಟಕ್ಕೆಲ್ಲ ಒಂದೇ ಜೊತೆ ತಂದು ಬಂದವರಿಗೆಲ್ಲ ತೊಡಿಸುವುದು ಉಳಿತಾಯವಲ್ಲ. ಗರಗಸ ಹಿಡಿಯುವವನ ಪಾದಕ್ಕೆ ತಕ್ಕ ಬೂಟೇ ಬೇಕು. ಹೊಸ ಬೂಟನ್ನು ಮೊದಲ ಕೆಲವು ದಿನ ಲಘು ಕೆಲಸಗಳಲ್ಲಿ ಧರಿಸಿ ಪಳಗಿಸಬೇಕು. ಮರದ ಪುಡಿ ಒಳಗೆ ಬೀಳದಂತೆ ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ.

ಪಾಲನೆ

೧. ಕೆಲಸ ಮುಗಿದೊಡನೆ ಕೆಸರನ್ನು ಬ್ರಷ್‌ನಿಂದ ತೆಗೆದು ಒದ್ದೆ ಬಟ್ಟೆಯಿಂದ ಒರೆಸಬೇಕು. ಪೆಟ್ರೋಲ್ ಅಥವಾ ಸರಪಳಿಯ ಎಣ್ಣೆ ತಗುಲಿದ್ದರೆ ಸೌಮ್ಯ ಸಾಬೂನಿನಿಂದ ತೊಳೆಯಬೇಕು.

೨. ನೆನೆದ ಬೂಟಿನೊಳಗೆ ಹಳೆಯ ವೃತ್ತಪತ್ರಿಕೆ ತುರುಕಿ, ಒಳಹಾಸನ್ನು ಹೊರತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಒಲೆಯ ಪಕ್ಕ, ಬಚ್ಚಲ ಹಂಡೆಯ ಬಳಿ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

೩. ಚರ್ಮ ಒಣಗಿದಂತೆ ಕಂಡಾಗ ಅದಕ್ಕೆಂದೇ ಇರುವ ಮೇಣವನ್ನು ತೆಳುವಾಗಿ ಸವರಬೇಕು. ಬೂಷ್ಟು ಹಿಡಿದರೆ ಒರೆಸಿ ಒಣಗಿಸಿ ನಂತರ ಮೇಣ ಹಚ್ಚಬೇಕು.

೪. ಪಾಲಿಯುರೆಥೇನ್ ಅಡಿಭಾಗದ ಬೂಟು ಬಳಸದೆ ಇಟ್ಟರೂ ತೇವಾಂಶದಿಂದ ವರ್ಷಗಳಲ್ಲಿ ಪುಡಿಯಾಗುತ್ತದೆ. ಆದುದರಿಂದ ತಯಾರಾದ ದಿನಾಂಕ ನೋಡಿ ಕೊಳ್ಳಬೇಕು, ಅಟ್ಟದಲ್ಲಿ ಕೂಡಿಡಬಾರದು.

೫. ಸರಪಳಿ ಒಮ್ಮೆ ತಗುಲಿ ನಾರು ಹೊರಬಂದ ಬೂಟನ್ನು ಹೊಲಿಸಿ ಮತ್ತೆ ಗರಗಸದ ಕೆಲಸಕ್ಕೆ ಬಳಸಲೇಬಾರದು. ಅದು ತನ್ನ ಕೆಲಸ ಮುಗಿಸಿದೆ. ರಕ್ಷಣಾ ಪದರದ ಮೇಲೆ ಹೊಲಿಗೆ, ಮೊಳೆ, ತೂತು ಸಲ್ಲದು.

ಹಲ್ಲು ಸವೆದರೆ, ಅಡಿ ಬಿಟ್ಟರೆ, ಉಕ್ಕಿನ ಮೂತಿ ಕಂಡರೆ ಬೂಟನ್ನು ಬದಲಿಸುವುದೇ ಲೇಸು.

ಕೊನೆಯದಾಗಿ ತೋಟದ ಯಜಮಾನರಲ್ಲಿ ಒಂದು ವಿನಂತಿ. ಗರಗಸಕ್ಕೆ ಸಾವಿರಾರು ರೂಪಾಯಿ ಕೊಡುವಾಗ ಬೂಟಿನ ಬೆಲೆಯನ್ನೂ ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಗುತ್ತಿಗೆಯ ಮೇಲೆ ಬಂದವರಾದರೂ ಬೂಟಿಲ್ಲದೆ ಗರಗಸ ಚಾಲೂ ಮಾಡಗೊಡಬಾರದು. ಸರಪಳಿ ತುಂಡಾದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ದಿನಗೂಲಿಯವನ ಪಾದಕ್ಕೆ ಬಿಡಿಭಾಗ ದೊರೆಯುವುದಿಲ್ಲ. ಆ ಪಾದದ ಮೇಲೆಯೇ ಅವನ ಸಂಸಾರ ನಿಂತಿದೆ ಎಂಬುದನ್ನು ಎಲ್ಲರೂ ನೆನಪಿನಲ್ಲಿಡಬೇಕು.