ಬೆಂಗಾವಲು

ನಮ್ಮ ಕರಿಕೆಯಲ್ಲಿ ಮಳೆ ಹಿಡಿಯಿತೆಂದರೆ ಕರೆಂಟಿಗೂ ಭರವಸೆಯಿಲ್ಲ, ಇಂಟರ್‌ನೆಟ್ಟಿಗೂ ಇಲ್ಲ. ಅವೆರಡೂ ಕೂಡಿಬಂದ ಸಂಜೆಗಳಲ್ಲಿ ನನ್ನ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತು, ಮುಖ ಕಂಡರಿಯದ ಗೆಳೆಯರೊಡನೆ 1944ರ ಮಸ್ಟಾಂಗ್ ವಿಮಾನ ಹಾರಿಸುತ್ತಾನೆ. ಬಾಂಬರುಗಳಿಗೆ ಬೆಂಗಾವಲು ಹೋಗುವ ಆಟವದು. ಶತ್ರುವನ್ನು ಅಟ್ಟಿಕೊಂಡು ದೂರ ಹೋದವನು ಎಷ್ಟು ವಿಮಾನ ಕೆಡವಿದರೇನು, ಹಿಂದೆ ಬಿಟ್ಟ ಬಾಂಬರು ಉರಿದರೆ ಸೋತಂತೆಯೇ. ಬೇಟೆಯ ನಾಡಿನ ಹುಡುಗನಿಗೆ ಇದು ಕಷ್ಟದ ಪಾಠ!

ಅದನ್ನು ನೋಡುವಾಗ ನನಗೆ ನೆನಪಾಗುವವರು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಸರಗೋಧಾದ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಅವರು ಮೀಸಲು ವೈಮಾನಿಕರು. ಬೆಂಗಾವಲು ಅವರಿಗೆ ಒಪ್ಪಿಸಿದ ಕೆಲಸವಾಗಿರಲಿಲ್ಲ. ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ಒಂದು ಮೇಲೆರಗಿತು. ಏಟು ತಿಂದ ವಿಮಾನದಲ್ಲಿಯೇ ದೇವಯ್ಯನವರು ತಿರುಗಿಬಿದ್ದು ಅದನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಮರಳಲಿಲ್ಲ.

ಆ ಕಾಳಗವನ್ನು ಸಂಗಡಿಗರಾರೂ ಕಂಡಿರಲಿಲ್ಲ. ಮೊಮ್ಮಗನ ಆಟದಲ್ಲಾದರೆ ಕೆಡವಿದ ಕ್ಷಣವೇ ಪರದೆಯ ಮೇಲೆ ಹೆಸರು ಮೂಡುತ್ತದೆ. ಇಲ್ಲಿ ಸಂಗತಿ ಬೆಳಕಿಗೆ ಬಂದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಮಹಾವೀರ ಚಕ್ರ 1988ರಲ್ಲಿ ಬಂತು, 23 ವರ್ಷಗಳ ಮೇಲೆ, ಅವರ ಪತ್ನಿಯ ಕೈಗೆ.